ಗೋಡೆಗಿಂತ ಬಿಳಿ

ಮೆತ್ತಿದ ಜಾಗ ಗೋಡೆಗಿಂತ ಬಿಳಿಯಾಗಿ ಕಾಣುತ್ತದೆಂದು ಅವನಿಗೆ ಮೊದಲೇ ಹೊಳೆಯಬೇಕಿತ್ತು. ನಾಲ್ಕನೇ ಕ್ಲಾಸಿನ ಹಿಂದಿನ ಗೋಡೆಯ ಉದ್ದಕ್ಕೂ ಮಕ್ಕಳು ಬ್ಯಾಗು ನೇತುಹಾಕುವ ಮೊಳೆಗಳಿದ್ದವು, ಒಬ್ಬೊಬ್ಬರಿಗೆ ಒಂದೊಂದು. ಸಾಲಿನ ನಡುವೆ ಮೂರು ಕಡೆ ಮೊಳೆ ಇರಲಿಲ್ಲ. ಆ ತೂತುಗಳಿಗೆ ಅವನೇ ಪುಟ್ಟಿ ಮೆತ್ತಿ, ಹೆಬ್ಬೆರಳಿನಿಂದ ನೀವಿ, ಒಣಗಿದ ಮೇಲೆ ಉಜ್ಜುಕಾಗದ ಹಾಕಿ ತಿಕ್ಕಿದ್ದ. ಕಣ್ಣು ಮುಚ್ಚಿ ಕೈಯಾಡಿಸಿದರೆ ಗೋಡೆ ಎಲ್ಲಿ, ಪುಟ್ಟಿ ಎಲ್ಲಿ ಎಂದು ಗೊತ್ತಾಗದಷ್ಟು ಸಪಾಟಾಗಿತ್ತು ಕೆಲಸ. ಆದರೆ ಕಣ್ಣು ಮುಚ್ಚಿಕೊಂಡು ಕ್ಲಾಸಿಗೆ ಬರುವವರು ಯಾರು? ವರ್ಷಗಟ್ಟಲೆ ಮಕ್ಕಳ ತಲೆಯೆಣ್ಣೆ, ಬ್ಯಾಗಿನ ಕೊಳೆ, ಒರಗಿದ ಬೆನ್ನುಗಳ ಬೆವರು ಕುಡಿದು ಗೋಡೆ ಬೂದುಬಣ್ಣಕ್ಕೆ ತಿರುಗಿತ್ತು. ಅದರ ಮೇಲೆ ಮೂರು ಬಿಳಿ ಕಲೆ. ಯಾರೂ ನೋಡಬಾರದೆಂದು ಮಾಡಿದ್ದೇ ಬಾಗಿಲಲ್ಲಿ ನಿಂತವರ ಕಣ್ಣಿಗೆ ಮೊದಲು ಬೀಳುತ್ತಿತ್ತು. ಎರಡು ಕಲೆ ಊರಿಗೆಲ್ಲ ಹಬ್ಬಿದ್ದ ಜ್ವರದಲ್ಲಿ ತೀರಿಕೊಂಡ ಮಕ್ಕಳವು. ಮೂರನೆಯದು ಕಡ್ಡಿಯದು. ಕಡ್ಡಿ ಬದುಕಿದ್ದಳು.

ಮಕ್ಕಳು ಮನೆಗೆ ಹೋಗಿ ಆಗಿತ್ತು. ಅವನು ಬೆಂಚುಗಳನ್ನು ಅನಾವಶ್ಯಕವಾಗಿ ಸರಿಮಾಡುತ್ತ, ಮತ್ತೆ ಮತ್ತೆ ಆ ಗೋಡೆಯ ಹತ್ತಿರ ಹೋಗಿ ನಿಲ್ಲುತ್ತಿದ್ದ. ಇವತ್ತು ಕಡ್ಡಿಯ ಮನೆಗೆ ಹೋಗಬೇಕಿತ್ತು. ಹೋಗದೆ ಇರುವುದಕ್ಕೆ ಬೇಕಾದ ನೆಪಗಳೆಲ್ಲ ನಿನ್ನೆ ಮೊನ್ನೆಗೇ ಖರ್ಚಾಗಿದ್ದವು. ಅವನು ನಾಲ್ಕನೇ ಕ್ಲಾಸಿನ ಮೇಷ್ಟ್ರೇ ಅಲ್ಲ, ಡ್ರಿಲ್ ಮೇಷ್ಟ್ರು. ಜ್ವರದಿಂದ ಎದ್ದ ಮಕ್ಕಳನ್ನು ಸದ್ಯಕ್ಕೆ ಓಡಿಸಬಾರದು, ಕುಣಿಸಬಾರದು, ಬಿಸಿಲಿಗೆ ನಿಲ್ಲಿಸಬಾರದು ಎಂದು ಡಾಕ್ಟರು ಹೇಳಿದ ಮೇಲೆ ಟೈಮ್ ಟೇಬಲ್ಲಿನಿಂದ ಡ್ರಿಲ್ಲನ್ನು ತೆಗೆದುಹಾಕಿದ್ದರು. ನಾಲ್ಕನೇ ಕ್ಲಾಸಿನ ಟೀಚರು ತವರಿನಿಂದ ಇನ್ನೂ ವಾಪಸಾಗದ ಕಾರಣ ಖಾಲಿ ಕುಳಿತ ಅವನನ್ನು ಅಲ್ಲಿ ಕೂರಿಸಿದ್ದರು. ಕೊರಳಲ್ಲಿ ಸೀಟಿ ಮಾತ್ರ ಅಭ್ಯಾಸಬಲದಿಂದ ಹಾಗೇ ನೇತಾಡುತ್ತಿತ್ತು. ಮಕ್ಕಳು ಬೆನ್ನ ಹಿಂದೆ ಅವನನ್ನು ಪೀಪಿ ಮೇಷ್ಟ್ರು ಅನ್ನುತ್ತಿದ್ದರು. ಗೊತ್ತಿದ್ದೂ ಗೊತ್ತಿಲ್ಲದವನಂತಿದ್ದ. ಹೆಸರಿಡುವುದರಲ್ಲಿ ಅವನೇನು ಕಡಿಮೆಯಿದ್ದನೇ? ಕಡ್ಡಿಗೆ ಕಡ್ಡಿಯೆಂದು ಹೆಸರಿಟ್ಟವನು ಅವನೇ. ಎಲ್ಲರಿಗಿಂತ ಗಿಡ್ಡ, ಎಲ್ಲರಿಗಿಂತ ಸಣಕಲು, ಅದಕ್ಕೇ ಸಾಲಿನ ತುದಿಗೆ ಅವಳು. ‘ಎಲ್ಲಾ ಕಡ್ಡೀನ ನೋಡ್ಕೊಂಡು ಸಾಲು ಸರಿಮಾಡ್ಕೊಳ್ಳಿ’ ಎಂದು ದಿನಾ ಬೆಳಿಗ್ಗೆ ಕೂಗುತ್ತಿದ್ದ. ಅವಳು ಅಲುಗಾಡದೆ ನಿಲ್ಲುತ್ತಿದ್ದಳು. ತಾನು ಒಂದಿಷ್ಟು ಓರೆಯಾದರೆ ಇಡೀ ಶಾಲೆಯೇ ಓರೆಯಾಗುತ್ತದೆ ಎಂಬಂತೆ, ಮೂಗಿನ ತುದಿಯಲ್ಲಿ ನೊಣ ಕೂತರೂ ಅಲುಗಾಡದೆ.

ಮೊಳೆ ಕೀಳುವ ಯೋಚನೆ ಅವನದೇ. ಶಾಲೆ ತೆರೆಯುವ ಮುಂಚೆ ಹೆಡ್ ಮೇಡಂ ಎಲ್ಲರನ್ನೂ ಕೂರಿಸಿಕೊಂಡು, ಮಕ್ಕಳಿಗೆ ಹೋದವರ ನೆನಪು ಕಣ್ಣೆದುರೇ ಇರಬಾರದು, ಏನಾದರೂ ಮಾಡಿ ಎಂದಿದ್ದರು. ಸ್ಟಾಫ್ ರೂಮಿನಲ್ಲಿ ಉಳಿದವರೆಲ್ಲ ತಮ್ಮ ತಮ್ಮ ಜ್ವರದ ಕಥೆ ಹೇಳಿಕೊಳ್ಳುತ್ತಿದ್ದರು. ಲೆಕ್ಕದ ಮೇಷ್ಟ್ರಿಗೆ ಗೋಡೆಯ ಮೇಲೆ ಇರುವೆಗಳು ಸಾಲುಗಟ್ಟಿ ಹೋಗುವುದು ಕಂಡಿತಂತೆ. ಭಾಷೆಯ ಟೀಚರಿಗೆ ಸತ್ತ ಚಿಕ್ಕಪ್ಪ ಬಂದು ಕಾಲೊತ್ತಿದನಂತೆ. ‘ಬದುಕಿದ್ದಾಗ ಒಂದ್ ಲೋಟ ನೀರು ಕೊಟ್ಟೋನಲ್ಲ, ನೋಡಿ’ ಎಂದು ಅವರು ನಕ್ಕಾಗ ಎಲ್ಲರೂ ನಕ್ಕರು. ಅವನೂ ನಕ್ಕ. ಅವನಿಗೆ ಏನೂ ಆಗಿರಲಿಲ್ಲ. ಒಂದು ಸೀನು ಸಹ ಬಂದಿರಲಿಲ್ಲ. ಮಹಡಿಯ ಮೇಲಿನ ತನ್ನ ಬಾಡಿಗೆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಕೈಯ ಚರ್ಮ ಸುಲಿಯುವವರೆಗೆ ಸೋಪು ಹಚ್ಚಿ ತೊಳೆದುಕೊಂಡು, ಬ್ರೆಡ್ಡು ತಿಂದುಕೊಂಡು ಕಳೆದಿದ್ದ. ಬೇರೆ ಊರಲ್ಲಿದ್ದ ಅಕ್ಕ ಫೋನು ಮಾಡಿ ‘ಊಟ ಆಯ್ತೇನೋ?’ ಅನ್ನುತ್ತಿದ್ದಳು, ಅವಳ ಮಕ್ಕಳೂ ಜ್ವರ ಬಂದು ಮಲಗಿದ ಮೇಲೆ ಅದೂ ನಿಂತಿತ್ತು. ಒಂದು ಮಧ್ಯಾಹ್ನ ತನ್ನ ದನಿ ಇದೆಯೋ ಇಲ್ಲವೋ ನೋಡಲು ಸೀಟಿ ಬಾಯಿಗಿಟ್ಟು ಮೆಲ್ಲಗೆ ಊದಿದ್ದ. ಕೆಳಗಿನ ಮನೆಯ ನಾಯಿ ಬೊಗಳಿತು, ಅಷ್ಟೇ. ಅಂಥದ್ದನ್ನು ಸ್ಟಾಫ್ ರೂಮಿನಲ್ಲಿ ಹೇಳಲು ಬರುತ್ತದೆಯೇ? ಟಿಕೆಟ್ಟಿಲ್ಲದೆ ಬಸ್ಸು ಹತ್ತಿದವನ ಹಾಗೆ ಮೂಲೆಯಲ್ಲಿ ಕುಳಿತಿದ್ದವನು ಥಟ್ಟನೆ, ‘ಮೊಳೆಗಳನ್ನ ತೆಗ್ದುಬಿಡೋಣ ಮೇಡಂ. ಖಾಲಿ ಮೊಳೆ ನೋಡಿದ್ರೆ ಮಕ್ಳಿಗೆ ಕಷ್ಟ’ ಎಂದಿದ್ದ. ಎಲ್ಲರೂ ಅವನ ಕಡೆ ತಿರುಗಿ, ಒಳ್ಳೆಯ ಯೋಚನೆ ಎಂದಿದ್ದರು. ಅವತ್ತು ಸುತ್ತಿಗೆ ಹಿಡಿದು ಹೋಗುವಾಗ ಅವನಿಗೆ ಎಷ್ಟೋ ಕಾಲದ ಮೇಲೆ ಸಂತೋಷವಾಗಿತ್ತು.

ಮೊದಲ ದಿನ ಮಕ್ಕಳು ಬೇರೆಯವರ ಮನೆಗೆ ಬಂದವರ ಹಾಗೆ ಸದ್ದಿಲ್ಲದೆ ಬಂದು ಕುಳಿತಿದ್ದರು. ಎಲ್ಲರ ಕುತ್ತಿಗೆಯೂ ಉದ್ದವಾದ ಹಾಗೆ ಕಾಣುತ್ತಿತ್ತು. ಅವನು ಬೋರ್ಡಿನ ಮೇಲೆ ತಾರೀಖು ಬರೆಯುತ್ತಿದ್ದಾಗ ಬೆನ್ನ ಹಿಂದೆ ಇದ್ದ ಅಷ್ಟಿಷ್ಟು ಸದ್ದೂ ನಿಂತಿತು. ತಿರುಗಿದ. ಬಾಗಿಲಲ್ಲಿ ಟೋಪಿ ಹಾಕಿಕೊಂಡ ಒಂದು ಹುಡುಗಿ. ಜ್ವರಕ್ಕೆ ಕೂದಲು ತೆಗೆಸಿದ್ದರು. ಟೋಪಿಯ ಕೆಳಗೆ ಕಿವಿಗಳು ಎದ್ದು ಕಾಣುತ್ತಿದ್ದವು. ಅವಳು ಯಾರ ಮುಖವನ್ನೂ ನೋಡದೆ ಬೆಂಚುಗಳ ನಡುವೆ ನಡೆದು, ಹಿಂದಿನ ಗೋಡೆಯ ಹತ್ತಿರ ಹೋಗಿ, ನೋಡದೆಯೇ, ಅಭ್ಯಾಸದಂತೆ ಕೈಯೆತ್ತಿ ಬ್ಯಾಗನ್ನು ನೇತುಹಾಕಿದಳು. ಬ್ಯಾಗು ಗೋಡೆಯನ್ನು ಸವರಿಕೊಂಡು ಇಳಿದು ಧಪ್ಪೆಂದು ಕೆಳಗೆ ಬಿತ್ತು. ಅವಳು ಮೇಲೆ ನೋಡಿದಳು. ಬಿಳಿ ಕಲೆಯ ಮೇಲೆ ಬೆರಳಿಟ್ಟಳು. ಪಕ್ಕದ ಬೆಂಚಿನ ಹುಡುಗಿ, ಕೆಟ್ಟತನದಿಂದೇನಲ್ಲ, ವಿಷಯ ತಿಳಿಸುವವಳ ಹಾಗೆ, ‘ನಿಂದು ಕಿತ್ಹಾಕಿದ್ದಾರೆ ಕಣೇ. ನೀನು ಸತ್ತೋಗಿದ್ದೀಯ’ ಎಂದಳು. ಯಾರೋ ಕಿಸಕ್ಕೆಂದರು. ಒಬ್ಬಳು ಅಳತೊಡಗಿದಳು. ಅವನು ಏನು ಮಾಡಬೇಕಿತ್ತು? ಹತ್ತಿರ ಹೋಗಿ ಆ ಬ್ಯಾಗನ್ನು ಎತ್ತಿಕೊಳ್ಳಬಹುದಿತ್ತು. ಅವನು ಸೀಟಿ ಊದಿದ. ಕೈ ತಾನೇ ತಾನಾಗಿ ಹೋಗಿ ಬಾಯಿಗಿಟ್ಟಿತು, ಎದೆ ತಾನೇ ಊದಿತು. ಮಕ್ಕಳೆಲ್ಲ ಧಡಕ್ಕನೆ ಎದ್ದು ನೆಟ್ಟಗೆ ನಿಂತರು. ಕಡ್ಡಿಯೂ, ಬಿದ್ದ ಬ್ಯಾಗಿನ ಪಕ್ಕದಲ್ಲಿ, ಕೈಗಳನ್ನು ತೊಡೆಗೆ ಅಂಟಿಸಿ ನೆಟ್ಟಗೆ ನಿಂತಳು. ಹೊತ್ತು ಕಳೆಯಿತು. ಕೂತ್ಕೊಳ್ಳಿ ಎಂದು ಹೇಳುವುದು ಅವನಿಗೆ ಮರೆತೇಹೋಗಿತ್ತು. ಬೆಲ್ಲು ಹೊಡೆದು ಆಟಕ್ಕೆ ಬಿಟ್ಟಾಗ ಅವಳು ಬ್ಯಾಗು ತೆಗೆದುಕೊಂಡು ಗೇಟು ದಾಟಿ ಹೋದವಳು ಮತ್ತೆ ಬಂದಿರಲಿಲ್ಲ.

ಆಮೇಲೆ ಮಕ್ಕಳು ಹೊಸ ಆಟ ಶುರುಮಾಡಿದರು. ಒಬ್ಬರು ಹಿಂದಿನ ಗೋಡೆಗೆ ಒರಗಿ ನಿಲ್ಲುವುದು, ಅವರು ಏನು ಕೇಳಿದರೂ ಉಳಿದವರು ಕೇಳಿಸದ ಹಾಗೆ ಇರುವುದು. ‘ಏಯ್, ನಂಗೊಂದು ಪೆನ್ಸಿಲ್ ಕೊಡೇ’ ಎಂದು ಗೋಡೆಯವಳು ಕೂಗಿದರೆ, ‘ಏನೋ ಸದ್ದಾಯ್ತಲ್ವಾ?’ ‘ಇಲ್ಲಪ್ಪಾ, ಗಾಳಿ’. ಯಾರಾದರೂ ನಕ್ಕರೆ ಅವರು ಸತ್ತರು, ಗೋಡೆಗೆ ಹೋಗಬೇಕು. ಅವನು ಬಾಗಿಲಲ್ಲಿ ನಿಂತು ನೋಡುತ್ತಿದ್ದ. ನಿಲ್ಲಿಸಬೇಕೆಂದು ಅನ್ನಿಸುತ್ತಿತ್ತು, ಆದರೆ ಯಾವ ತಪ್ಪಿಗೆಂದು ಹೇಳಿ ನಿಲ್ಲಿಸುವುದು? ಒಮ್ಮೆ ಗೋಡೆಗೆ ಒರಗಿದ್ದ ಹುಡುಗ ಅವನನ್ನೇ ನೋಡುತ್ತ, ‘ಸರ್, ನೀರು ಕುಡ್ಕೊಂಡ್ ಬರ್ಲಾ?’ ಎಂದ. ಆಟವೋ ನಿಜವೋ ಗೊತ್ತಾಗದೆ ಅವನು ಉತ್ತರ ಕೊಡಲಿಲ್ಲ. ಮಕ್ಕಳು ಚಪ್ಪಾಳೆ ತಟ್ಟಿದರು.

ಇವತ್ತು ಬೆಳಿಗ್ಗೆ ಹೆಡ್ ಮೇಡಂ ಮೆಟ್ಟಿಲ ಹತ್ತಿರ ಹಿಡಿದು ನಿಲ್ಲಿಸಿ, ‘ಏನ್ರೀ, ಹೋಗಿದ್ರಾ ಅವ್ರ ಮನೆಗೆ?’ ಎಂದಿದ್ದರು.

‘ಇವತ್ತು ಹೋಗ್ತೀನಿ ಮೇಡಂ.’

‘ನಿನ್ನೇನೂ ಇವತ್ತೇ ಅಂದಿದ್ರಿ. ನೋಡಿ, ಅದನ್ನ ಸಾಯ್ಸಿದ್ದು ನೀವು. ನೀವೇ ಹೋಗಿ ಬದುಕಿಸ್ಕೊಂಡ್ ಬನ್ನಿ.’

ಹೇಳಿದ ಮೇಲೆ ಅವರಿಗೇ ಮಾತು ಹೆಚ್ಚಾಯಿತೆನಿಸಿ, ‘ಯಾರ್ ಹೇಳಿದ್ರು ಅಂದ್ರಿ ನಿಮಗೆ, ಆ ಮಗು ಹೋಯ್ತು ಅಂತ?’ ಎಂದು ಮೆತ್ತಗೆ ಕೇಳಿದರು. ಅವನು ‘ಬೀದೀಲಿ ಯಾರೋ...’ ಎಂದು, ಬೆಲ್ಲು ಹೊಡೆದದ್ದರಿಂದ ಬಚಾವಾಗಿದ್ದ.

ಬೀಗ ಹಾಕಿ ಹೊರಟ. ರಸ್ತೆಯಲ್ಲಿ ಅಂಗಡಿಗಳು ತೆರೆದಿದ್ದವು. ಎಲ್ಲರೂ ಮಾಮೂಲಿಗಿಂತ ಜೋರಾಗಿ ಮಾತಾಡುತ್ತಿದ್ದಾರೆಂದು ಅವನಿಗೆ ಅನ್ನಿಸಿತು. ಊರಲ್ಲಿ ಜ್ವರ ಹಬ್ಬಿದ್ದ ದಿನಗಳಲ್ಲಿ ಇದೇ ರಸ್ತೆಯಲ್ಲಿ ತನ್ನ ಚಪ್ಪಲಿಯ ಸದ್ದು ತನಗೇ ಕೇಳುತ್ತಿತ್ತು. ಆಗಲೂ ಕಳಿಸಿದ್ದು ಹೆಡ್ ಮೇಡಂ. ಆರೋಗ್ಯವಾಗಿರುವವರು ನೀವೊಬ್ಬರೇ, ನಾಲ್ಕನೇ ಕ್ಲಾಸಿನ ಮಕ್ಕಳ ಮನೆಗಳಿಗೆ ಹೋಗಿ ವಿಚಾರಿಸಿಕೊಂಡು ಬನ್ನಿ, ಒಳಗೆ ಹೋಗಬೇಡಿ, ಬಾಗಿಲು ತಟ್ಟಿ ದೂರ ನಿಂತು ಕೇಳಿ ಎಂದಿದ್ದರು. ಮೊದಮೊದಲ ಬಾಗಿಲುಗಳನ್ನು ತಟ್ಟಿದ್ದ. ಒಳಗಿನಿಂದ ಕೆಮ್ಮು, ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡ ಅಪ್ಪಂದಿರು, ಬಾಗಿಲ ಸಂದಿಯಿಂದ ಬರುತ್ತಿದ್ದ ಬಿಸಿ ಬಿಸಿ ಔಷಧಿ ವಾಸನೆ. ಕಡ್ಡಿಯ ಬೀದಿಗೆ ಬರುವ ಹೊತ್ತಿಗೆ, ಬಾಗಿಲು ತಟ್ಟಿದ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಲೇ ಇದ್ದ. ಬೀದಿಯ ತುದಿಯ ದೀಪದ ಕಂಬದ ಹತ್ತಿರ ನಿಂತ. ಅವಳ ಮನೆಯ ಮುಂದೆ ಒಂದು ಹಾಸಿಗೆ ಸುಡುತ್ತಿತ್ತು. ಹತ್ತಿ ಸೀದ ಹೊಗೆ ನೆಲದ ಮೇಲೇ ಹರಿದು ಅವನ ಕಾಲಿನವರೆಗೆ ಬಂದಿತ್ತು. ಯಾರೂ ಇರಲಿಲ್ಲ. ಹಾಸಿಗೆ ಸುಟ್ಟರೆಂದರೆ ಯಾರೋ ತೀರಿಕೊಂಡರೆಂದೇ ಅರ್ಥ. ಕಿಟಕಿಯ ಗಾಜಿನ ಹಿಂದೆ ಬಿಳಿಯದೇನೋ ಅಲುಗಾಡಿತು. ಪರದೆ ಇರಬೇಕೆಂದುಕೊಂಡ. ಗಾಳಿ ಇರಲಿಲ್ಲ. ಅವನು ತಿರುಗಿ ಬಂದುಬಿಟ್ಟ, ಮತ್ತು ಹೆಡ್ ಮೇಡಂಗೆ ಫೋನಿನಲ್ಲಿ, ‘ಕಡ್ಡೀನೂ ಹೋದ್ಲು ಮೇಡಂ’ ಎಂದ. ಅತ್ತ ಕಡೆಯಿಂದ ಬಿಕ್ಕಿದ ಸದ್ದು ಕೇಳಿ ಅವನಿಗೂ ಅಳು ಬಂದಿತ್ತು. ನಿಜವಾದ ಅಳುವೇ. ಆ ರಾತ್ರಿ ಅವನು ಅವಳಿಗಾಗಿ ಊಟ ಬಿಟ್ಟಿದ್ದ.

ಈಗ ದೀಪದ ಕಂಬದ ಬುಡದಲ್ಲಿ ಅವನ ಕಾಲು ಮತ್ತೆ ನಿಂತಿತು. ಮನೆಯ ಮುಂದೆ ನೆಲ ಇನ್ನೂ ಕಪ್ಪಾಗಿತ್ತು. ಒಳಗಿನಿಂದ ಹೊಲಿಗೆ ಮೆಷಿನ್ನಿನ ಸದ್ದು ಬರುತ್ತಿತ್ತು. ಆ ಸದ್ದಿಗೆ ಹೆಜ್ಜೆ ಹಾಕಿಕೊಂಡು ಹೋಗಿ ಬಾಗಿಲು ತಟ್ಟಿದ.

‘ತೆಗ್ದೇ ಇದೆ, ಬನ್ನಿ’ ಎಂದಿತು ಹೆಂಗಸಿನ ದನಿ. ಕಡ್ಡಿಯ ತಾಯಿ ಟೈಲರು. ಬಾಯಿಯಲ್ಲಿ ಎರಡು ಗುಂಡುಸೂಜಿ ಕಚ್ಚಿಕೊಂಡಿದ್ದರು. ಅವನನ್ನು ನೋಡಿ ಮೆಷಿನ್ ನಿಲ್ಲಿಸಲಿಲ್ಲ. ಆ ಸಾಲಿನ ಹೊಲಿಗೆ ಮುಗಿಸಿ, ದಾರ ಕತ್ತರಿಸಿ, ಸೂಜಿಗಳನ್ನು ಬಾಯಿಂದ ತೆಗೆದು, ‘ಓ, ನೀವಾ?’ ಎಂದರು. ಕುರ್ಚಿಯ ಮೇಲಿದ್ದ ಬಟ್ಟೆಯ ರಾಶಿಯನ್ನು ಎತ್ತಿ ಮಂಚಕ್ಕೆ ಹಾಕಿದರು. ‘ಕೂತ್ಕೊಳ್ಳಿ. ಪಿನ್ನು ಇರತ್ತೆ, ನೋಡ್ಕೊಂಡ್ ಕೂತ್ಕೊಳ್ಳಿ.’

ಅವನು ನೋಡಿಕೊಂಡು ಕುಳಿತ. ಮನೆ ತುಂಬ ಅವನ ಶಾಲೆಯದೇ ಯೂನಿಫಾರಂಗಳು. ಮಂಚದ ಮೇಲೆ, ಕಿಟಕಿಯ ಸರಳಿಗೆ, ಬಾಗಿಲ ಹಿಂದಿನ ಗೂಟಕ್ಕೆ, ಮಕ್ಕಳಿಲ್ಲದ ಅಂಗಿಗಳು, ಮಕ್ಕಳಿಲ್ಲದ ಲಂಗಗಳು.

‘ತುಂಬಾ ಕೆಲ್ಸ ಇದ್ದ ಹಾಗಿದೆ’ ಎಂದ.

‘ಹ್ಞೂಂ. ಮಕ್ಳು ಮಲಗಿದಲ್ಲೇ ಬೆಳ್ದಿದ್ದಾವೆ. ಎಲ್ಲಾರ್ದೂ ಒಂದೇ ರಿಪೇರಿ. ಉದ್ದ ಬಿಡಿಸ್ಬೇಕು, ಸೊಂಟ ಹಿಡಿಸ್ಬೇಕು.’ ಒಂದು ಅಂಗಿಯನ್ನು ಕೊಡವಿ ಮಡಿಸುತ್ತ, ‘ಕೆಲವು ಬರೀ ಚಿಕ್ಕದು ಮಾಡೋದು. ತಮ್ಮನಿಗೋ ತಂಗಿಗೋ. ಅಂಥವ್ರ ಹತ್ರ ನಾನು ಏನೂ ಕೇಳಲ್ಲ’ ಎಂದರು. ಸ್ವಲ್ಪ ತಡೆದು, ‘ಮೇಡಂ ಕಳ್ಸಿದ್ರಾ?’

‘ಹೌದು. ಅಂದ್ರೆ, ನಾನೂ ಬರ್ಬೇಕು ಅಂತಿದ್ದೆ.’

‘ಬರ್ಬೇಕು ಅನ್ನೋರು ಇಷ್ಟು ದಿನ ಮಾಡಲ್ಲ ಬಿಡಿ’ ಎಂದರು ಅವರು, ಕೋಪವಿಲ್ಲದೆ.

‘ಅಮ್ಮಾ, ಪೀಪಿ ಮೇಷ್ಟ್ರು’ ಎಂದಿತು ಮೇಜಿನ ಕೆಳಗಿನಿಂದ ಒಂದು ದನಿ.

‘ಏಯ್. ಹಾಗನ್ಬಾರ್ದು.’

‘ಅವ್ರಿಗೆ ಗೊತ್ತು.’

ಕಡ್ಡಿ ಮೇಜಿನ ಕೆಳಗೆ ಕಾಲು ಚಾಚಿ ಕುಳಿತು, ತೊಡೆಯ ಮೇಲೆ ಒಂದು ಲಂಗವಿಟ್ಟುಕೊಂಡು ಬ್ಲೇಡಿನಲ್ಲಿ ಹೊಲಿಗೆ ಬಿಚ್ಚುತ್ತಿದ್ದಳು. ಟೋಪಿ ಇರಲಿಲ್ಲ. ತಲೆಯ ಮೇಲೆ ಕೂದಲು ಆಗತಾನೆ ಮೊಳೆಯುತ್ತಿತ್ತು. ಅವನು ಬಗ್ಗಿ, ‘ಹೇಗಿದ್ದೀಯ ಮರೀ?’ ಎಂದ. ಮರಿ ಎಂದು ಅವನು ಯಾವ ಮಗುವನ್ನೂ ಕರೆದವನಲ್ಲ. ಅವಳು ದಾರದ ತುಣುಕೊಂದನ್ನು ಊದಿ ಹಾರಿಸಿದಳು. ಅವನು ದಾರಿಯುದ್ದಕ್ಕೂ ಉರುಹೊಡೆದಿದ್ದ ಮಾತುಗಳನ್ನು ಶುರುಮಾಡಿದ. ತಪ್ಪಾಗಿದೆ, ಆ ಗದ್ದಲದಲ್ಲಿ ಯಾರು ಏನು ಅಂತಲೇ ತಿಳಿಯುತ್ತಿರಲಿಲ್ಲ, ಯಾರೋ ಹೇಳಿದ್ದನ್ನು ನಂಬಿದ್ದೇ ತಪ್ಪು, ನಾಳೆಯಿಂದ—

‘ಯಾರು?’ ಎಂದಳು ಕಡ್ಡಿ.

‘ಅಂ?’

‘ಯಾರ್ ಹೇಳಿದ್ದು?’

‘ಯಾರೋ ಮರೀ. ಬೀದೀಲಿ.’

‘ಬೀದೀಲಿ ಯಾರೂ ಇರ್ಲಿಲ್ಲ. ನೀವೊಬ್ರೇ ಇದ್ರಿ. ಕಂಬದ ಹತ್ರ.’ ಅವಳು ಬ್ಲೇಡನ್ನು ನೆಲದ ಮೇಲಿಟ್ಟಳು. ‘ಅಜ್ಜಿ ಹೋಗ್ಬಿಟ್ಟಿದ್ಲು, ಅವ್ಳ ಹಾಸಿಗೆ ಸುಡ್ತಿತ್ತು. ನಾನು ಕಿಟಕೀಲಿ ನಿಂತಿದ್ದೆ. ನಿಮಗೆ ಕೈ ಬೀಸ್ದೆ. ನೋಡಿದ್ರಾ?’

ತಾಯಿಯ ಕೈಯಲ್ಲಿದ್ದ ಅಂಗಿ ಅರ್ಧ ಮಡಿಕೆಯಲ್ಲಿ ನಿಂತಿತು. ಅವನು ಕಿಟಕಿಯ ಕಡೆ ನೋಡಿದ. ಅದಕ್ಕೆ ಪರದೆ ಇರಲಿಲ್ಲ. ಸರಳಿಗೆ ನೇತುಹಾಕಿದ ಅಂಗಿಗಳ ನಡುವೆ ಬೀದಿಯ ತುದಿ, ಕಂಬ, ಕಂಬದ ಬುಡದಲ್ಲಿ ಒಬ್ಬ ಮನುಷ್ಯ ನಿಲ್ಲುವಷ್ಟು ಜಾಗ, ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ಬಿಳಿಯದು ಅಲುಗಾಡಿತ್ತು. ಒಂದು ಸಲ ಅಲ್ಲ. ಅದಕ್ಕೆ ಬೆರಳುಗಳಿದ್ದವೇ? ಇದ್ದವು ಎಂದುಕೊಂಡರೆ ಇದ್ದವು.

‘ನೋಡ್ಲಿಲ್ಲ ಮರೀ’ ಎಂದ. ‘ಬಿಸಿಲು ಕಣ್ಣಿಗೆ ಹೊಡೀತಿತ್ತು.’

‘ಮಧ್ಯಾಹ್ನ ಗಾಜು ಹೊಳ್ಯತ್ತೆ’ ಎಂದರು ತಾಯಿ ಥಟ್ಟನೆ. ‘ಹೊರಗಿಂದ ಏನೂ ಕಾಣ್ಸಲ್ಲ.’ ಅಂಗಿಯ ಮಡಿಕೆ ಪೂರ್ತಿಯಾಯಿತು. ತನ್ನನ್ನು ಅವರು ಬಚಾವು ಮಾಡುತ್ತಿದ್ದಾರೆಂದು ಅವನಿಗೆ ತಿಳಿಯಿತು. ಅದು ಅವನ ಮೇಲಿನ ಕರುಣೆಯಿಂದಲೂ ಅಲ್ಲ. ಸ್ಕೂಲಿಗೆ ಮಗಳನ್ನು ಕಳಿಸಬೇಕಾದ ಹೆಂಗಸಿಗೆ ಸ್ಕೂಲಿನ ಮೇಷ್ಟ್ರು ಸುಳ್ಳ ಎಂದು ಮಗಳ ಎದುರು ತೀರ್ಮಾನವಾಗುವುದು ಬೇಡವಾಗಿತ್ತು.

ಕಡ್ಡಿ ಬ್ಲೇಡನ್ನು ಎತ್ತಿಕೊಂಡು ಮತ್ತೆ ಹೊಲಿಗೆಗೆ ಬಗ್ಗಿದಳು. ಆ ತಲೆಯ ಮೇಲಿನ ಸಣ್ಣ ಕೂದಲನ್ನೇ ನೋಡುತ್ತ ಅವನು, ‘ನಿನ್ನ ಮೊಳೆ ಇವತ್ತೇ ಹೊಡೀತೀನಿ. ಅದೇ ಜಾಗದಲ್ಲಿ’ ಎಂದ.

‘ನಂದೊಂದೇನಾ?’

‘ಹೌದು, ನಿಂದು.’

‘ಬೇಡ. ನಂದೊಂದೇ ಹೊಡೆದ್ರೆ ಹೊಸದು ಅಂತ ಎಲ್ಲಾರೂ ಅದನ್ನೇ ನೋಡ್ತಾರೆ. ಅವರಿಬ್ಬರ್ದೂ ಹೊಡೀರಿ. ಕಿತ್ತಿದ್ದು ಯಾಕೆ? ಅವ್ರೇನು ತಪ್ಪು ಮಾಡಿದ್ರು?’

‘ಬಾಯ್ ಮುಚ್ಚೇ’ ಎಂದರು ತಾಯಿ.

‘ಆಯ್ತು, ಮೂರೂ ಹೊಡೀತೀನಿ’ ಎಂದ ಅವನು ಆತುರದಿಂದ. ಅಗ್ಗಕ್ಕೆ ವ್ಯಾಪಾರ ಕುದುರಿದವನ ಹಾಗೆ ಎದ್ದು ನಿಂತ. ಬಾಗಿಲಲ್ಲಿ ತಾಯಿ, ‘ನಾಳೆ ಕಳಿಸ್ತೀನಿ ಸರ್’ ಎಂದರು. ಪ್ಯಾಂಟಿಗೆ ಸಿಕ್ಕಿಕೊಂಡು ಬಂದಿದ್ದ ಗುಂಡುಸೂಜಿ ಅವನಿಗೆ ಬೀದಿಯ ಅರ್ಧಕ್ಕೆ ಬಂದ ಮೇಲೆ ಚುಚ್ಚಿತು.

ಕತ್ತಲಾಗುವ ಮುಂಚೆ ಶಾಲೆಗೆ ವಾಪಸು ಹೋದ. ಕಿತ್ತ ಮೊಳೆಗಳನ್ನು ಎಸೆದಿರಲಿಲ್ಲ; ಚಾಕ್‌ಪೀಸಿನ ಡಬ್ಬಿಯಲ್ಲಿ ಬಾಗಿಕೊಂಡು ಬಿದ್ದಿದ್ದವು. ನೆಲದ ಮೇಲಿಟ್ಟು ಕುಟ್ಟಿ ನೆಟ್ಟಗೆ ಮಾಡಿದ. ಹಳೆಯ ತೂತಿಗೆ ಹೊಡೆದರೆ ಪುಟ್ಟಿ ಪುಡಿಪುಡಿಯಾಗಿ ಉದುರಿತು, ಮೊಳೆ ಹಲ್ಲಿನಂತೆ ಅಲುಗಾಡಿತು. ಬೆಂಕಿಕಡ್ಡಿಗಳನ್ನು ಬೆಣೆ ಮಾಡಿ ತುರುಕಿ, ಮತ್ತೆ ಹೊಡೆದ. ಖಾಲಿ ಕಟ್ಟಡದಲ್ಲಿ ಸುತ್ತಿಗೆಯ ಏಟು ಬೇರೆ ಕೋಣೆಯಲ್ಲಿ ಇನ್ಯಾರೋ ಹೊಡೆಯುತ್ತಿದ್ದಂತೆ ಕೇಳುತ್ತಿತ್ತು. ತೀರಿಕೊಂಡ ಇಬ್ಬರ ಮುಖ ನೆನಪು ಮಾಡಿಕೊಳ್ಳಲು ನೋಡಿದ. ಅವರು ಸಾಲಿನ ನಡುವೆ ನಿಲ್ಲುತ್ತಿದ್ದ ಮಕ್ಕಳು. ನಡುವೆ ನಿಲ್ಲುವವರನ್ನು ಅವನು ಸರಿಯಾಗಿ ನೋಡಿರಲೇ ಇಲ್ಲ. ಒಬ್ಬನ ಬೂಟಿನ ಲೇಸು ಯಾವಾಗಲೂ ಬಿಚ್ಚಿರುತ್ತಿತ್ತು ಎಂಬುದಷ್ಟೇ ನೆನಪಿಗೆ ಬಂತು. ತಾನು ಈ ಕೋಣೆಯಲ್ಲಿ ಬಿದ್ದು ಸತ್ತರೆ ಯಾವ ಗೋಡೆಯಿಂದ ಏನನ್ನು ಕೀಳುತ್ತಾರೆ ಎಂದು ಯೋಚನೆ ಬಂತು. ಏನೂ ಇರಲಿಲ್ಲ. ಸುತ್ತಿಗೆ ಎತ್ತಿಟ್ಟು, ಕೈ ತೊಳೆದುಕೊಂಡ. ಹೆಚ್ಚು ಹೊತ್ತು ತೊಳೆದುಕೊಂಡ.

ಬೆಳಿಗ್ಗೆ ಹೆಡ್ ಮೇಡಂ ಕ್ಲಾಸಿಗೆ ಇಣುಕಿ, ‘ಇದೇನ್ರೀ, ಕಿತ್ತಿದ್ದನ್ನೇ ಮತ್ತೆ ಹೊಡ್ದಿದ್ದೀರಾ? ನಿಮಗೆ ಬೇರೆ ಕೆಲ್ಸ ಇಲ್ವಾ?’ ಎಂದು, ಉತ್ತರಕ್ಕೆ ಕಾಯದೆ, ಮಕ್ಕಳ ಹಣೆಗೆ ಹಿಡಿಯುವ ಥರ್ಮಾಮೀಟರನ್ನು ಅವನ ಕೈಗೆ ಕೊಟ್ಟರು. ಗೇಟಿನ ಕೆಲಸ ಅವನದು. ಬೆಲ್ಲು ಹೊಡೆಯುವವರೆಗೆ ಗೇಟು ಬಿಟ್ಟು ಕದಲುವ ಹಾಗಿರಲಿಲ್ಲ. ಯಾವ ಮಗುವೂ ಹಣೆ ತೋರಿಸದೆ ಒಳಗೆ ಹೋಗಬಾರದು. ಮಕ್ಕಳು ಸಾಲಾಗಿ ಬಂದರು, ಹಣೆಯೊಡ್ಡಿದರು, ಹೋದರು. ಅವನು ಪ್ರತಿ ಹಣೆಯ ಹಿಂದೆ ರಸ್ತೆಯನ್ನು ನೋಡುತ್ತಿದ್ದ. ಬೆಲ್ಲಿಗೆ ಇನ್ನು ಸ್ವಲ್ಪವೇ ಹೊತ್ತು ಇದ್ದಾಗ ಕಂಡಳು. ರಸ್ತೆಯ ಆ ತುದಿಯಲ್ಲಿ, ಅಂಗಡಿಯ ಮೂಲೆಗೆ, ಟೋಪಿ, ಕಿವಿ, ಬೆನ್ನ ಮೇಲೆ ಬ್ಯಾಗು. ನಿಂತಿದ್ದಳು. ಇತ್ತ ಬರಲೂ ಇಲ್ಲ, ಅತ್ತ ಹೋಗಲೂ ಇಲ್ಲ. ಜೊತೆಯಲ್ಲಿ ಯಾರೂ ಇರಲಿಲ್ಲ. ತಾಯಿ ಮೂಲೆಯವರೆಗೆ ಬಿಟ್ಟು ಹೋಗಿರಬೇಕು.

ಅವನು ಕೈಯೆತ್ತಿ ಬೀಸಿದ. ಅವಳು ನೋಡಿದಳು. ಅಷ್ಟು ದೂರದಿಂದಲೂ, ಅವಳು ನೋಡಿದಳು ಎಂಬುದರಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ಅಷ್ಟು ದೂರದಿಂದ ಯಾರಿಗಾದರೂ ಗೊತ್ತಾಗುತ್ತದೆ. ಅವನು ಮತ್ತೆ ಬೀಸಿದ. ಕಡ್ಡಿಯ ಕೈಗಳು ಬ್ಯಾಗಿನ ಪಟ್ಟಿಯ ಮೇಲೇ ಇದ್ದವು. ಬೀಸುತ್ತಲೇ ಇದ್ದ ತನ್ನ ಕೈ ಈಗ ಅವನಿಗೆ ಬೇರೆಯವರದೆಂಬಂತೆ ಕಂಡಿತು. ಅವತ್ತು ಕಿಟಕಿಯಲ್ಲಿ ಅವಳ ಕೈ ಎಷ್ಟು ಹೊತ್ತು ಹೀಗೆ ಅಲುಗಾಡಿರಬಹುದು? ತಾನು ಬೆನ್ನು ತಿರುಗಿಸಿದ ಮೇಲೂ? ಬೀದಿ ಖಾಲಿಯಾದ ಮೇಲೂ? ಇನ್ನೊಂದು ಕೈ ಸೀಟಿಯ ಕಡೆ ಹೋಯಿತು. ಊದಿದರೆ ಅವಳು ನೆಟ್ಟಗೆ ನಿಲ್ಲುತ್ತಿದ್ದಳು. ಬರುತ್ತಲೂ ಇದ್ದಳೇನೋ. ಅವನು ಸೀಟಿಯನ್ನು ಅಂಗಿಯೊಳಗೆ ಬಿಟ್ಟುಕೊಂಡು, ಥರ್ಮಾಮೀಟರನ್ನು ಸಾಲಿನಲ್ಲಿದ್ದ ದೊಡ್ಡ ಹುಡುಗಿಯೊಬ್ಬಳ ಕೈಗೆ ಕೊಟ್ಟು, ಗೇಟು ಬಿಟ್ಟು ಹೊರಟ.

‘ರೀ ಮೇಷ್ಟ್ರೇ! ಗೇಟ್ ಬಿಟ್ಟು ಎಲ್ರೀ?’ ಎಂದು ಹಿಂದಿನಿಂದ ಹೆಡ್ ಮೇಡಂ ಕೂಗಿದರು. ಅವನು ತಿರುಗಲಿಲ್ಲ. ಇಡೀ ಸಾಲು ತನ್ನ ಬೆನ್ನನ್ನು ನೋಡುತ್ತಿರುವುದು ಗೊತ್ತಾಗುತ್ತಿತ್ತು. ರಸ್ತೆ ಉದ್ದವಾಗಿತ್ತು. ಕಡ್ಡಿ ಹತ್ತಿರವಾದಂತೆ ಅವಳ ಗಂಟುಗಂಟಾದ ಮೊಣಕಾಲುಗಳು, ತಾಯಿ ಉದ್ದ ಬಿಡಿಸಿದ ಲಂಗದ ಅಂಚಿನಲ್ಲಿ ಹಳೆಯ ಮಡಿಕೆಯ ಗೆರೆ, ಒಂದೊಂದೇ ಕಾಣಿಸತೊಡಗಿದವು. ಅವಳ ಎದುರು ನಿಂತಾಗ ಅವನಿಗೆ ಏದುಸಿರು ಬಂದಿತ್ತು.

‘ನೋಡಿದ್ದೆ’ ಎಂದ.

ಅವಳು ಅವನ ಅಂಗಿಯ ಗುಂಡಿಯನ್ನು ನೋಡುತ್ತಿದ್ದಳು.

‘ಅವತ್ತು. ನೀನು ಕೈ ಬೀಸಿದ್ದು. ನೋಡಿದ್ದೆ. ನೋಡೇ ಹೋದೆ.’ ಹೆದರಿಕೆಯಾಗಿತ್ತು ಎಂದು ಸೇರಿಸಬೇಕೆಂದಿದ್ದ. ಸೇರಿಸಲಿಲ್ಲ.

‘ಗೊತ್ತು ಸರ್’ ಎಂದಳು ಕಡ್ಡಿ. ಹೇಳಿದ ದನಿಯಲ್ಲಿ ಏನೂ ಇರಲಿಲ್ಲ. ಲೆಕ್ಕಕ್ಕೆ ಉತ್ತರ ಹೇಳಿದ ಹಾಗಿತ್ತು. ‘ಮೂರೂ ಹೊಡೆದ್ರಾ?’

‘ಹೊಡೆದೆ. ನಿಂದು ಸ್ವಲ್ಪ ಅಲ್ಲಾಡತ್ತೆ.’

ಅವಳು ನಡೆಯತೊಡಗಿದಳು. ‘ಬ್ಯಾಗ್ ಕೊಡು ಇಲ್ಲಿ, ನಾನು ಹಿಡ್ಕೋತೀನಿ’ ಎಂದು ಅವನು ಕೈ ಚಾಚಿದ. ಅವಳು ಪಟ್ಟಿಯನ್ನು ಭುಜದ ಮೇಲೆ ಸರಿಮಾಡಿಕೊಂಡಳು, ಕೊಡಲಿಲ್ಲ. ಜ್ವರ ಬಿಟ್ಟ ಕಾಲುಗಳು. ನಾಲ್ಕು ಹೆಜ್ಜೆ ಇಟ್ಟರೆ ನಿಲ್ಲುತ್ತಿದ್ದಳು, ಉಸಿರು ತೆಗೆದುಕೊಂಡು ಮತ್ತೆ ಹೊರಡುತ್ತಿದ್ದಳು. ಇಷ್ಟು ವರ್ಷ ಮಕ್ಕಳನ್ನು ತನ್ನ ಹೆಜ್ಜೆಗೆ ನಡೆಸಿದವನಿಗೆ ಅಷ್ಟು ನಿಧಾನವಾಗಿ ನಡೆಯಲು ಬರಲಿಲ್ಲ. ಮುಂದೆ ಹೋಗಿಬಿಡುತ್ತಿದ್ದ, ನಿಲ್ಲುತ್ತಿದ್ದ, ಕಾಲು ತಪ್ಪುತ್ತಿತ್ತು. ಕೊನೆಗೆ ಅವಳ ಹಿಂದೆ ಸರಿದು, ಅವಳನ್ನು ನೋಡಿಕೊಂಡು ಹೆಜ್ಜೆ ಸರಿಮಾಡಿಕೊಂಡ. ಬೆಲ್ಲು ಹೊಡೆಯಿತು. ಅವಳು ಅವಸರ ಮಾಡಲಿಲ್ಲ.